ಗೃಹಶಿಲ್ಪ: ವೇಷದ ಉಡಿಗೆಗಳಿಗೆ ಬಟ್ಟೆಯನ್ನು ಬಿರುಸುಮಾಡುವ ಬಗೆ



ಶ್ರಾವಣವು ಸಮೀಪಿಸಿತೆಂದರೆ ಈ ಪುಟಕ್ಕೆ ಬರುವ ಕಾಗದಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯವನ್ನು ಕುರಿತವಾಗಿರುತ್ತವೆ. ಗೋಕುಲಾಷ್ಟಮಿಗೆ ಮಗುವಿಗೆ ಕೃಷ್ಣವೇಷ ಹಾಕಬೇಕು. ಅದು ಮುಗಿಯಿತೆನ್ನುವಷ್ಟರಲ್ಲಿ ನವರಾತ್ರಿಯ ಬೊಂಬೆಗಳಿಗೆ ಉಡಿಸಬೇಕು. ಅದರ ಹಿಂದೆಯೇ ಶಾಲೆಯ ವಾರ್ಷಿಕೋತ್ಸವದ ನಾಟಕವು ಬಂದು ನಿಲ್ಲುವುದು. ಈ ಸಾರಿ ಸೋದರಿಯೊಬ್ಬರು ಬರೆದಿರುವುದನ್ನು ಓದಿ ನನಗೆ ನಗುವೂ ಬಂದಿತು, ಮರುಕವೂ ಆಯಿತು. "ಕಿರೀಟವನ್ನು ಜರಿಯ ಬಟ್ಟೆಯಲ್ಲಿ ಅಂದವಾಗಿ ಹೊಲಿದೆನು. ಆದರೆ ಅದು ತಲೆಯ ಮೇಲೆ ನಿಲ್ಲಲೊಲ್ಲದು, ಕುಲಾವಿಯಂತೆ ಜೋತುಬೀಳುತ್ತದೆ. ಒಳಗೆ ರಟ್ಟನ್ನಿಟ್ಟರೆ ಬೆವರಿಗೆ ನೆನೆದು ಮಡಿಸಿಕೊಳ್ಳುತ್ತದೆ. ಅಂಗಡಿಯಲ್ಲಿ ಕೊಳ್ಳೋಣವೆಂದರೆ ಮಗುವು, ನೀನು ಮಾಡಿದ್ದೇ ಬೇಕು, ಎಂದು ಹಠ ಹಿಡಿದಿದೆ" ಎಂಬುದಾಗಿ ಆಕೆಯು ಬರೆದಿರುವರು.

ಆ ಮಗುವಿನ ಹಠವನ್ನು ನಾನು ಮೆಚ್ಚುತ್ತೇನೆ. ಆದುದರಿಂದ ಈ ತಿಂಗಳ ಪುಟವನ್ನೆಲ್ಲ ಆ ಮಗುವಿನ ಕಿರೀಟಕ್ಕಾಗಿಯೇ ಮೀಸಲಿಟ್ಟಿದ್ದೇನೆ.

ಈ ವಿಷಯದಲ್ಲಿ ನನಗೆ ಬುದ್ಧಿ ಬಂದುದು ಒಂದು ಅಪಮಾನದ ಮೂಲಕ. ನನ್ನ ಹಿರಿಯ ಮಗನು ಎಂಟು ವರ್ಷದವನಾಗಿದ್ದಾಗ ಶಾಲೆಯ ನಾಟಕದಲ್ಲಿ ದಶರಥನ ಪಾತ್ರವು ಅವನ ಪಾಲಿಗೆ ಬಂದಿತು. ನಾಟಕದ ಹಿಂದಿನ ಸಂಜೆ ನಾನು ಬಟ್ಟೆಗೆ ಮೈದಾಹಿಟ್ಟಿನ ಅಂಟನ್ನು ಬಳಿದು ಕಿರೀಟವನ್ನು ಕಟ್ಟಿ, ಅದು ಆರುವುದಕ್ಕೆ ಮೊದಲೇ ಮೇಲೆ ಬಂಗಾರದ ಬಣ್ಣದ ಕಾಗದವನ್ನು ಅಂಟಿಸಿಬಿಟ್ಟೆನು. ಹೊರಗೆ ಜಿಟಿಜಿಟಿ ಮಳೆ. ಬೆಳಗ್ಗೆ ಮುಟ್ಟಿ ನೋಡಿದಾಗ ಗಟ್ಟಿಯಾಗಿಯೇ ಇದ್ದಂತೆ ತೋರಿತು. ಆದರೆ ಮೇಲಿನ ಕಾಗದವು ಒಳಗಿನ ತೇವವನ್ನು ಹೊರಹೋಗಗೊಟ್ಟಿರಲಿಲ್ಲ. ರಂಗದ ಮೇಲೆ ದೀಪಗಳ ಕಾವೂ ತಲೆಯ ಬೆವರೂ ಸೇರಿ, ಕೈಕೇಯಿಯು ಎರಡನೆಯ ವರವನ್ನು ಬೇಡುವ ಹೊತ್ತಿಗೆ ಸರಿಯಾಗಿ ಆ ಕಿರೀಟವು ಮಳೆಗಾಲದ ಹಪ್ಪಳದಂತೆ ಮೆತ್ತಗಾಗಿ ದಶರಥನ ಕಣ್ಣುಗಳ ಮೇಲೆ ಇಳಿದುಬಿಟ್ಟಿತು. ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಹುಡುಗನು ಮಾತನ್ನು ಮರೆಯಲಿಲ್ಲ. ಒಂದು ಕೈಯಿಂದ ಕಿರೀಟವನ್ನು ಎತ್ತಿಹಿಡಿದುಕೊಂಡೇ ಪಾತ್ರವನ್ನು ಮುಗಿಸಿದನು. ಮನೆಗೆ ಬಂದ ಮೇಲೆ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆದರೆ ಮುಂದಿನ ಎರಡು ವರ್ಷ ನಾಟಕಕ್ಕೆ ಹೆಸರನ್ನೂ ಕೊಡಲಿಲ್ಲ.

ಆ ರಾತ್ರಿ ನಮ್ಮ ಅತ್ತೆಯವರು ಕಿರೀಟವನ್ನು ಬಿಡಿಸಿ, ಒಳಪದರವನ್ನು ಬೆರಳಿನಿಂದ ಒತ್ತಿ ನೋಡಿ, "ನೀನು ಅಂಟಿನಲ್ಲಿ ತಪ್ಪು ಮಾಡಲಿಲ್ಲವಮ್ಮ, ಹೊತ್ತಿನಲ್ಲಿ ತಪ್ಪು ಮಾಡಿದೆ" ಎಂದರು. ಈ ಕೈಗೆಲಸದ ಸಾರವೆಲ್ಲವೂ ಆ ಮಾತಿನಲ್ಲಿಯೇ ಅಡಗಿದೆಯೆಂದು ಈಗ ನನಗೆ ತೋರುತ್ತದೆ.

ಬಟ್ಟೆಯು ಬಿರುಸಾಗುವುದು ಹೇಗೆ?

ಬಟ್ಟೆಯೆಂಬುದು ಒಂದರ ಮೇಲೊಂದು ಜಾರಬಲ್ಲ ಎಳೆಗಳ ಜಾಲ. ಎಳೆಗಳು ಜಾರುವುದರಿಂದಲೇ ಬಟ್ಟೆಯು ಬಾಗುತ್ತದೆ, ಇಳಿಬೀಳುತ್ತದೆ. ಈ ಎಳೆಗಳ ನಡುವೆ ಯಾವುದಾದರೊಂದು ಅಂಟು ಹೊಕ್ಕು ಒಣಗಿದರೆ ಅವು ಜಾರಲಾರವು. ಆಗ ಬಟ್ಟೆಯು ಹಲಗೆಯಂತೆ ನಿಲ್ಲುವುದು. ಅಕ್ಕಿ, ಗೋಧಿ, ಮರಗೆಣಸು ಮೊದಲಾದುವುಗಳಲ್ಲಿರುವ ಪಿಷ್ಟವು ಈ ಕೆಲಸಕ್ಕೆ ಬಹಳ ಯೋಗ್ಯವಾದುದು. ಪಿಷ್ಟದ ಕಣಗಳು ತಣ್ಣೀರಿನಲ್ಲಿ ಕರಗುವುದಿಲ್ಲ. ಸುಮ್ಮನೆ ತಳದಲ್ಲಿ ಕೂಡುತ್ತವೆ. ನೀರಿನ ಕಾವು ಸುಮಾರು 60ರಿಂದ 80 ಡಿಗ್ರಿ ಸೆಂಟಿಗ್ರೇಡಿಗೆ ಏರಿದಾಗ ಅವು ನೀರನ್ನು ಕುಡಿದು ಉಬ್ಬಿ, ಒಡೆದು, ಮಂದವಾದ ಗಂಜಿಯಾಗುತ್ತವೆ. ಆದಕಾರಣ ಹಿಟ್ಟನ್ನು ಹಸಿಯಾಗಿಯೇ ಕಲಸಿ ಬಟ್ಟೆಗೆ ಬಳಿದರೆ ಅದು ಒಣಗಿದ ಮೇಲೆ ಪುಡಿಪುಡಿಯಾಗಿ ಉದುರುವುದೇ ಹೊರತು ಬಿರುಸಾಗುವುದಿಲ್ಲ. ಗಂಜಿಯನ್ನು ಬೇಯಿಸುವುದೇ ಒಂದು ವಿದ್ಯೆ. 1564ರಲ್ಲಿ ಫ್ಲಾಂಡರ್ಸ್ ಸೀಮೆಯಿಂದ ಲಂಡನ್ನಿಗೆ ಬಂದ ಡಿಂಗೆನ್ ಎಂಬ ಗೃಹಿಣಿಯು, ಅಂದಿನ ಸಿರಿವಂತರು ಕೊರಳಿಗೆ ಧರಿಸುತ್ತಿದ್ದ ನಿರಿಗೆಪಟ್ಟಿಗಳಿಗೆ ಗಂಜಿ ಹಾಕುವುದನ್ನು ಕಲಿಸಲು ನಾಲ್ಕೈದು ಪೌಂಡುಗಳನ್ನೂ, ಗಂಜಿಯನ್ನು ಕಾಯಿಸುವುದನ್ನು ಕಲಿಸಲು ಪ್ರತ್ಯೇಕವಾಗಿ 20 ಷಿಲ್ಲಿಂಗುಗಳನ್ನೂ ಪಡೆಯುತ್ತಿದ್ದಳಂತೆ. ನಮ್ಮ ಅಜ್ಜಿಯರು ಅನ್ನ ಬಸಿಯುತ್ತಲೇ ಇದನ್ನು ಪುಕ್ಕಟೆಯಾಗಿ ಕಲಿಸಿದರು!

ಪಿಷ್ಟದ ಒಂದು ದೋಷವನ್ನು ಮರೆಯಬಾರದು. ಒಣಗಿದ ಗಂಜಿಯು ಗಾಳಿಯ ತೇವವನ್ನು ಎಳೆದುಕೊಂಡು ಮತ್ತೆ ಮೆತ್ತಗಾಗುವುದು. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಇರುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಬಟ್ಟೆಯ ಆಯ್ಕೆ

ಹತ್ತಿಯ ಬಟ್ಟೆಯು ಗಂಜಿಯನ್ನು ಚೆನ್ನಾಗಿ ಹಿಡಿಯುತ್ತದೆ. ಕೋರಾ ಬಟ್ಟೆ, ಖಾದಿ, ಹಳೆಯ ಪಂಚೆ, ಸವೆದ ಹಾಸುವಸ್ತ್ರ ಇವೆಲ್ಲವೂ ಉತ್ತಮ. ಹಳೆಯದೇ ಮೇಲು, ಏಕೆಂದರೆ ಹೊಸ ಬಟ್ಟೆಯಲ್ಲಿ ಗಿರಣಿಯವರು ಹಾಕಿದ ಗಂಜಿಯು ಇದ್ದು ನಮ್ಮ ಅಂಟನ್ನು ಒಳಗೆ ಬಿಡುವುದಿಲ್ಲ. ಹೊಸದನ್ನೇ ಬಳಸುವುದಾದರೆ ಒಮ್ಮೆ ಬಿಸಿನೀರಿನಲ್ಲಿ ಒಗೆದು ಒಣಗಿಸಿಕೊಳ್ಳಬೇಕು. ಪಾಲಿಯೆಸ್ಟರ್, ನೈಲಾನ್ ಮೊದಲಾದ ಬಟ್ಟೆಗಳ ಮೇಲೆ ಗಂಜಿಯು ನಿಲ್ಲದು. ಒಣಗಿದ ಮೇಲೆ ಚಕ್ಕೆಯಾಗಿ ಏಳುವುದು. ಇಂದು ಅಂಗಡಿಗಳಲ್ಲಿ ಸಿಗುವ ಜರಿ ಬಟ್ಟೆಯ ಬಹುಭಾಗವು ಈ ಜಾತಿಯದೇ ಆದುದರಿಂದ, ಬಿರುಸುಮಾಡಬೇಕಾದುದು ಮೇಲಿನ ಜರಿಯನ್ನಲ್ಲ, ಒಳಗಿನ ಹತ್ತಿಯ ಪದರವನ್ನು ಎಂಬುದನ್ನು ನೆನಪಿಡಿರಿ. ಕಾಗದ ಬರೆದ ಸೋದರಿಗೆ ನನ್ನ ಮೊದಲ ಉತ್ತರವೂ ಇದೇ.

ಮೊದಲನೆಯದು: ಅಕ್ಕಿಯ ಗಂಜಿ

ಪಂಚೆಯ ನಿರಿಗೆ, ನೃತ್ಯದ ಬೀಸಣಿಗೆಯಂಥ ಮಡಿಕೆ, ಬೊಂಬೆಯ ಸೀರೆ, ಪೇಟದ ತುರಾಯಿ ಇವುಗಳಿಗೆ ಅಕ್ಕಿಯ ಗಂಜಿಯೇ ಸಾಕು. ಕುಕ್ಕರು ಬಂದ ಮೇಲೆ ಅನ್ನ ಬಸಿಯುವ ಪದ್ಧತಿಯು ಕಡಿಮೆಯಾಗಿರುವುದರಿಂದ ಅಕ್ಕಿಹಿಟ್ಟಿನಿಂದ ಮಾಡುವ ಕ್ರಮವನ್ನು ಹೇಳುತ್ತೇನೆ. ನಯವಾಗಿ ಜರಡಿ ಹಿಡಿದ ಹಿಟ್ಟನ್ನು ಸ್ವಲ್ಪ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುವ ನೀರಿಗೆ ಸಣ್ಣಗೆ ಸುರಿಯುತ್ತ, ಕೈಬಿಡದೆ ತಿರುವುತ್ತ, ಬಿಳುಪು ಹೋಗಿ ಅರೆಪಾರದರ್ಶಕವಾಗುವವರೆಗೆ ಬೇಯಿಸಿರಿ. ಬಳಿಕ ತೆಳುಬಟ್ಟೆಯಲ್ಲಿ ಸೋಸಿರಿ. ಒಂದು ಲೀಟರ್ ನೀರಿಗೆ ದೊಡ್ಡ ಚಮಚದಲ್ಲಿ 2 ಚಮಚ ಹಿಟ್ಟು ಹಾಕಿದರೆ ಮೃದುವಾದ ಬಿರುಸು, 4 ಚಮಚ ಹಾಕಿದರೆ ನಿರಿಗೆಯು ನಿಲ್ಲುವಷ್ಟು ಬಿರುಸು ಬರುವುದು. ಬಣ್ಣದ ಬಟ್ಟೆಯ ಮೇಲೆ ಅಕ್ಕಿಯ ಗಂಜಿಯು ಬಿಳಿಯ ಚುಕ್ಕೆಗಳನ್ನು ಉಳಿಸುವುದರಿಂದ ಅದಕ್ಕೆ ಸಬ್ಬಕ್ಕಿಯ ಗಂಜಿಯೇ ಮೇಲು. ಸಬ್ಬಕ್ಕಿಯು ಮರಗೆಣಸಿನ ಪಿಷ್ಟದಿಂದ ಆದುದು. ನೆನೆಸಿ ಬೇಯಿಸಿ ಸೋಸಿದರೆ ಕನ್ನಡಿಯಂಥ ತಿಳಿಗಂಜಿಯನ್ನು ಕೊಡುತ್ತದೆ.

ಗಂಜಿ ಹಾಕಿದ ಬಟ್ಟೆಯು ಪೂರ್ತಿ ಒಣಗುವ ಮುಂಚೆ, ಕೈಗೆ ತಂಪು ತಗಲುವಷ್ಟು ಹಸಿಯಿರುವಾಗಲೇ ಇಸ್ತ್ರಿ ಮಾಡಬೇಕು. ನಿರಿಗೆಗಳನ್ನು ಮೊದಲೇ ಉದ್ದನೆಯ ಹೊಲಿಗೆಯಿಂದ ಕಚ್ಚು ಹಾಕಿಕೊಂಡು ಇಸ್ತ್ರಿ ಮಾಡಿ, ಆರಿದ ಮೇಲೆ ನೂಲನ್ನು ಎಳೆದುಬಿಟ್ಟರೆ ಕತ್ತಿಯ ಅಲಗಿನಂಥ ಅಂಚು ಬರುವುದು.

ಎರಡನೆಯದು: ಮೈದಾಹಿಟ್ಟಿನ ಅಂಟು

ಕಿರೀಟ, ಭುಜಕೀರ್ತಿ, ಎದೆಕವಚ ಮುಂತಾಗಿ ತಾವೇ ನಿಲ್ಲಬೇಕಾದ ವಸ್ತುಗಳಿಗೆ ಒಂದು ಪದರದ ಬಟ್ಟೆಯೂ ತಿಳಿಗಂಜಿಯೂ ಸಾಲವು. ಮೂರು ಪದರಗಳನ್ನು ಮಂದವಾದ ಅಂಟಿನಿಂದ ಒಂದುಗೂಡಿಸಬೇಕು. ಒಂದು ಬಟ್ಟಲು ಮೈದಾಕ್ಕೆ ಐದು ಬಟ್ಟಲು ನೀರು. ಮೊದಲು ಒಂದು ಬಟ್ಟಲು ತಣ್ಣೀರಿನಲ್ಲಿ ಕಲಸಿ, ಉಳಿದ ನಾಲ್ಕು ಬಟ್ಟಲನ್ನು ಕುದಿಸಿ ಅದರಲ್ಲಿ ಸೇರಿಸಿ, ಸಣ್ಣ ಉರಿಯಲ್ಲಿ ಹೊಳಪು ಬರುವವರೆಗೂ ತಿರುವಿರಿ. ಚಿಟಿಕೆ ಪಟಿಕದ ಪುಡಿಯನ್ನು ಹಾಕಿದರೆ ಬೇಗ ಹುಳಿಯುವುದಿಲ್ಲ. ಆದರೂ ಎರಡನೆಯ ದಿನದ ಅಂಟನ್ನು ಬಳಸಬೇಡಿರಿ. ಅದು ನಾರುವುದಲ್ಲದೆ ಬಟ್ಟೆಯ ಮೇಲೆ ಬೂಷ್ಟನ್ನೂ ತರುವುದು.

ಇಲ್ಲೊಂದು ಎಚ್ಚರಿಕೆ. ಪುಸ್ತಕದ ರಟ್ಟು ಕಟ್ಟುವವರು ಹುಳು ಹಿಡಿಯದಿರಲೆಂದು ಅಂಟಿಗೆ ಮೈಲುತುತ್ತವನ್ನು ಬೆರೆಸುವುದುಂಟು. ಅದು ವಿಷ. ಮಗುವಿನ ಹಣೆಗೂ ಕೆನ್ನೆಗೂ ತಗಲುವ, ಬೆವರಿನೊಡನೆ ಬಾಯಿಗೆ ಇಳಿಯಬಹುದಾದ ವಸ್ತುವಿನಲ್ಲಿ ಅದಕ್ಕೆ ಎಡೆಯಿಲ್ಲ.

ಮೂರನೆಯದು: ಹುಣಸೆಬೀಜದ ಅಂಟು

ನಮ್ಮ ಅತ್ತೆಯವರು ಕಲಿಸಿದ ಮಾರ್ಗವಿದು. ನಮ್ಮ ನಾಡಿನಲ್ಲಿ ಕಂಬಳಿ ನೇಯುವ ಕುರುಬರು ನೂಲಿಗೆ ಹುಣಸೆಬೀಜದ ಗಂಜಿಯನ್ನೇ ಹಚ್ಚುತ್ತ ಬಂದಿರುವರು. ಒಡಿಶಾದ ಚಿತ್ರಕಾರರು ಹಳೆಯ ಅರಿವೆಯ ಪದರಗಳನ್ನು ಇದೇ ಅಂಟಿನಿಂದ ಕೂಡಿಸಿ, ಸೀಮೆಸುಣ್ಣವನ್ನು ಬಳಿದು, ಉಜ್ಜಿ ನಯಮಾಡಿ, ತಮ್ಮ ಪಟಚಿತ್ರಗಳಿಗೂ ಗಂಜೀಫಾ ಎಲೆಗಳಿಗೂ ಹಲಗೆಯನ್ನು ಸಿದ್ಧಗೊಳಿಸುತ್ತಾರೆ. ಬಳಕೆಯಲ್ಲಿದ್ದುದು ಹೀಗೆ ಹಳೆಯದಾದರೂ, ಈ ಬೀಜದ ತಿರುಳಿನ ಗುಣವನ್ನು ಘೋಷ್ ಮತ್ತು ಕೃಷ್ಣ ಎಂಬ ಭಾರತೀಯ ವಿಜ್ಞಾನಿಗಳಿಬ್ಬರು 1942ರಲ್ಲಿ ಪ್ರಕಟಿಸಿದ ಬಳಿಕ ಗಿರಣಿಗಳಲ್ಲಿಯೂ ಇದರ ಪುಡಿಯು ನೂಲಿನ ಗಂಜಿಯಾಗಿ ಸಲ್ಲತೊಡಗಿತು.

ಹುಣಸೆಹಣ್ಣನ್ನು ಬಿಡಿಸುವಾಗ ಎಸೆಯುವ ಬೀಜಗಳನ್ನು ಕೂಡಿಡಿರಿ. ಬಾಣಲೆಯಲ್ಲಿ ಹುರಿದು, ಸಿಪ್ಪೆಯು ಬಿರಿದಾಗ ಕುಟ್ಟಿ, ಕೇರಿ, ಕಂದು ಹೊಟ್ಟನ್ನು ತೆಗೆಯಿರಿ. ಉಳಿದ ಬಿಳಿಯ ತಿರುಳನ್ನು ರಾತ್ರಿಯೆಲ್ಲ ನೆನೆಸಿ ನುಣ್ಣಗೆ ರುಬ್ಬಿ, ಹತ್ತರಷ್ಟು ನೀರು ಸೇರಿಸಿ ಅರ್ಧ ಗಂಟೆ ತಿರುವುತ್ತ ಕುದಿಸಿರಿ. ಬೆರಳಿಗೆ ಜಿಗಿಯಾಗಿ ಎಳೆಯೆಳೆಯಾಗಿ ಬರುವ ಅಂಟು ಸಿದ್ಧವಾಗುವುದು. ಇದು ಕೊಂಚ ಕಂದುಬಣ್ಣದ್ದು. ಬಿಳಿಯ ಬಟ್ಟೆಗೆ ಸಲ್ಲದು. ಮೇಲೆ ಬಣ್ಣವನ್ನೋ ಜರಿಯನ್ನೋ ಹೊದಿಸುವ ಕಿರೀಟಕ್ಕೆ ಮಾತ್ರ ಇದರಷ್ಟು ನೆಚ್ಚಿಗೆಯ ಅಂಟನ್ನು ಮನೆಯಲ್ಲಿ ಮಾಡಿಕೊಳ್ಳುವ ಬೇರೆ ಬಗೆಯನ್ನು ನಾನು ಕಂಡಿಲ್ಲ.

ಉಳಿದ ಬಗೆಗಳು

ರೇಷ್ಮೆ, ತೆಳುವಾದ ಜಾಲರಿ, ಕಸೂತಿಯ ಅಂಚು ಇವುಗಳಿಗೆ ಗಂಜಿಯು ಒರಟು. ಜಾಲಿಯ ಗೋಂದು ಒಳ್ಳೆಯದು. 30 ಗ್ರಾಂ ಶುದ್ಧವಾದ ಗೋಂದನ್ನು ಕಾಲು ಲೀಟರ್ ಬಿಸಿನೀರಿನಲ್ಲಿ ಕರಗಿಸಿ ಸೋಸಿಟ್ಟುಕೊಂಡು, ಅದರಲ್ಲಿ ಒಂದು ದೊಡ್ಡ ಚಮಚವನ್ನು ಒಂದು ಬಟ್ಟಲು ನೀರಿಗೆ ಬೆರೆಸಿ ಬಟ್ಟೆಯನ್ನು ಅದ್ದಿ ತೆಗೆಯಿರಿ.

ಕೆಲವರು ಸಕ್ಕರೆಯ ಪಾಕದಲ್ಲಿ ಅದ್ದುವ ಕ್ರಮವನ್ನು ಹೇಳುವುದುಂಟು. ಪಾಶ್ಚಾತ್ಯ ದೇಶಗಳ ಕಸೂತಿಯ ಪುಸ್ತಕಗಳಲ್ಲಿ ಅದು ಕಾಣುವುದು. ಬಟ್ಟೆಯು ನಿಜವಾಗಿಯೂ ಗಾಜಿನಂತೆ ನಿಲ್ಲುತ್ತದೆ. ಆದರೆ ನಮ್ಮ ಮನೆಗಳ ಇರುವೆಗಳು ಅದನ್ನು ಬಹಳ ಹೊತ್ತು ನಿಲ್ಲಗೊಡುವುದಿಲ್ಲ.

ಈಗಿನ ಕಾಲದ ಬಿಳಿಯ ಅಂಟನ್ನೂ ಹೇಳದೆ ಬಿಡಲಾಗದು. ಫೆವಿಕಾಲ್ ಎಂಬ ಹೆಸರಿನಿಂದ 1959ರಲ್ಲಿ ಮಾರುಕಟ್ಟೆಗೆ ಬಂದು ಬಡಗಿಗಳ ಕೈಯಿಂದ ಮಕ್ಕಳ ಕೈಗೂ ಇಳಿದಿರುವ ಈ ಅಂಟು ಪಿಷ್ಟದ್ದಲ್ಲ, ರಾಸಾಯನಿಕವಾಗಿ ತಯಾರಿಸಿದುದು. ಸಮಪ್ರಮಾಣ ನೀರು ಬೆರೆಸಿ ಬಳಿದರೆ ಹಲಗೆಯಂಥ ಬಿರುಸು, ಮೂರರಷ್ಟು ನೀರು ಬೆರೆಸಿದರೆ ಬಾಗುವ ಬಿರುಸು ಬರುವುದು. ಬೂಷ್ಟು ಹಿಡಿಯದು, ಇರುವೆ ಮುಟ್ಟದು, ಗಾಳಿಯ ತೇವಕ್ಕೆ ಗಂಜಿಯಷ್ಟು ಬೇಗ ಸೋಲದು. ಆದರೆ ಒಮ್ಮೆ ಒಣಗಿತೆಂದರೆ ಒಗೆದು ತೆಗೆಯಲಾಗುವುದಿಲ್ಲ. ಆದುದರಿಂದ ನಿಮ್ಮ ಒಳ್ಳೆಯ ಸೀರೆಯನ್ನು ವೇಷಕ್ಕೆ ಉಡಿಸುವಾಗ ಗಂಜಿಯನ್ನೇ ಬಳಸಿರಿ. ಮತ್ತೆ ನೀರು ಕಂಡರೆ ಗಂಜಿಯು ಬಿಟ್ಟುಹೋಗಿ ಸೀರೆಯು ಸೀರೆಯಾಗಿಯೇ ಉಳಿಯುವುದು.

ಇನ್ನು ದರ್ಜಿಗಳು ರವಿಕೆಯ ಕುತ್ತಿಗೆಗೂ ಅಂಗಿಯ ಪಟ್ಟಿಗೂ ಒಳಗಿಡುವ ಕ್ಯಾನ್ವಾಸ್ ಬಟ್ಟೆ. ಒಂದು ಮಗ್ಗುಲಲ್ಲಿ ಅಂಟು ಇರುವ ಜಾತಿಯನ್ನು ಕೇಳಿ ತಂದು, ಅಂಟಿನ ಮಗ್ಗುಲನ್ನು ಬಟ್ಟೆಯ ಒಳಮೈಗೆ ತಗಲಿಸಿ, ಮೇಲೊಂದು ಒದ್ದೆಯ ಕರವಸ್ತ್ರವನ್ನು ಹಾಸಿ, ಇಸ್ತ್ರಿಪೆಟ್ಟಿಗೆಯನ್ನು ಎಳೆಯದೆ ಒಂದೊಂದು ಕಡೆಯಲ್ಲಿ ಹತ್ತು ಎಣಿಸುವವರೆಗೆ ಒತ್ತಿಹಿಡಿಯಿರಿ. ಡಾಬು, ತೋಳಪಟ್ಟಿ, ಕೊರಳಪಟ್ಟಿ ಇವುಗಳಿಗೆ ಇದು ಅತಿ ಶೀಘ್ರವಾದ ಉಪಾಯ. ಎತ್ತರವಾಗಿ ನಿಲ್ಲಬೇಕಾದ ಕಿರೀಟಕ್ಕೆ ಮಾತ್ರ ಇದೊಂದೇ ಸಾಲದು. ಜಟಾಯುವಿನ ರೆಕ್ಕೆಯಂಥ ದೊಡ್ಡ ವಸ್ತುಗಳಿಗೆ ಯಾವ ಅಂಟೂ ಸಾಲದು. ಸೀಳಿದ ಬಿದಿರಿನ ಕಡ್ಡಿಯನ್ನು ನಯವಾಗಿ ಹೆರೆದು ಬಟ್ಟೆಯ ಅಂಚಿನಲ್ಲಿ ಹೊಲಿದು ಸೇರಿಸಬೇಕು.

ನಮ್ಮ ರಂಗಕಲೆಗಳನ್ನು ನೋಡಿದರೆ ಈ ಬಗೆಗಳೆಲ್ಲವೂ ಅಲ್ಲಿಯೇ ಸಿಗುವುವು. ಯಕ್ಷಗಾನದ ಕೇದಗೆ ಮುಂದಲೆಯನ್ನು ಬಟ್ಟೆಯನ್ನೇ ಸುತ್ತಿ ಸುತ್ತಿ, ಬಿಗಿದು ಕಟ್ಟಿ ನಿಲ್ಲಿಸುವರು; ಅಲ್ಲಿ ಬಿಗಿಯೇ ಬಿರುಸು. ಕಿರೀಟ, ಎದೆಪದಕಗಳಿಗೆ ಹಗುರವಾದ ಮರದ ಮೇಲೆ ಬೇಗಡೆಯನ್ನು ಹಚ್ಚುವರು. ಕೇರಳದ ಕಥಕಳಿಯಲ್ಲಿ ಸೊಂಟದ ಸುತ್ತ ಛತ್ರಿಯಂತೆ ಹರಡುವ ಉಡಿಗೆಯ ಕೆಳಗೆ ಗಂಜಿ ಹಾಕಿದ ಬಟ್ಟೆಯ ತುಂಡುಗಳು ಪದರ ಪದರವಾಗಿ ತುಂಬಿರುತ್ತವೆ. ಒಂದೊಂದು ಕಲೆಯೂ ತನ್ನ ಭಾರವನ್ನು ಹೊರುವಷ್ಟೇ ಬಿರುಸನ್ನು ಆರಿಸಿಕೊಂಡಿದೆಯೆಂಬುದನ್ನು ಗಮನಿಸಿರಿ.

ಕೃಷ್ಣನ ಕಿರೀಟ: ಮಾಡುವ ಕ್ರಮ

ಮೊದಲನೆಯ ದಿನ. ಕಿವಿಗಳಿಗೆ ಮೇಲ್ಗಡೆ, ಹಣೆಯ ನಡುವೆ, ಮಗುವಿನ ತಲೆಯ ಸುತ್ತಳತೆಯನ್ನು ತೆಗೆಯಿರಿ. ಐದು ವರ್ಷದ ಮಗುವಿಗೆ ಅದು ಸುಮಾರು 20 ಅಂಗುಲ ಬರುವುದು. ಒಳಗಿನ ಮೆತ್ತೆಗಾಗಿ ಅರ್ಧ ಅಂಗುಲವನ್ನೂ, ಒಂದರ ಮೇಲೊಂದು ಕೂಡುವುದಕ್ಕಾಗಿ ಒಂದೂವರೆ ಅಂಗುಲವನ್ನೂ ಸೇರಿಸಿರಿ. ಹಳೆಯ ವೃತ್ತಪತ್ರಿಕೆಯಲ್ಲಿ ಆಕಾರವನ್ನು ಕತ್ತರಿಸಿ, ತಲೆಗೆ ಸುತ್ತಿ ನೋಡಿರಿ. ಮುಂಭಾಗವು 6 ಅಂಗುಲಕ್ಕಿಂತ ಎತ್ತರವಾಗದಿರಲಿ. ಎತ್ತರವಾದಷ್ಟೂ ಮಗುವು ತಲೆಯನ್ನು ಅಲುಗಿಸಲು ಅಂಜುವುದು.

ಹತ್ತಿಯ ಬಟ್ಟೆಯ ಮೂರು ತುಂಡುಗಳನ್ನು ಈ ಆಕಾರಕ್ಕಿಂತ ಸುತ್ತಲೂ ಒಂದಂಗುಲ ಹೆಚ್ಚಾಗಿ ಕತ್ತರಿಸಿರಿ. ನಡುವಣ ತುಂಡಿನ ನೇಯ್ಗೆಯು ಉಳಿದೆರಡಕ್ಕೆ ಅಡ್ಡವಾಗಿರಲಿ. ಇದರಿಂದ ಒಣಗುವಾಗ ಹಲಗೆಯು ಒಂದೇ ಕಡೆಗೆ ಸೊಟ್ಟಗಾಗದು. ಹಲಗೆಯ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಹಾಸಿ, ಒಂದೊಂದು ತುಂಡಿಗೂ ಎರಡು ಮಗ್ಗುಲಿಗೂ ಅಂಟನ್ನು ತೀಡಿ, ಒಂದರ ಮೇಲೊಂದನ್ನಿಟ್ಟು, ನಡುವಿನಿಂದ ಅಂಚಿನ ಕಡೆಗೆ ಅಂಗೈಯಿಂದ ಒತ್ತುತ್ತ ಗಾಳಿಯನ್ನೂ ಹೆಚ್ಚಿನ ಅಂಟನ್ನೂ ಹೊರಡಿಸಿರಿ. ಅಂಟು ಹೆಚ್ಚಾದರೆ ಬಿರುಸು ಹೆಚ್ಚುವುದೆಂಬುದು ತಪ್ಪು ತಿಳಿವಳಿಕೆ. ಎಳೆಗಳ ನಡುವೆ ಹೊಕ್ಕ ಅಂಟು ಮಾತ್ರ ಕೆಲಸಕ್ಕೆ ಬರುವುದು. ಮೇಲೆ ನಿಂತುದು ಒಡೆದು ಉದುರುವುದು.

ಅರ್ಧ ಆರಿ, ಎಂದರೆ ಬೆರಳಿಗೆ ಅಂಟದೆ, ತೊಗಲಿನಂತೆ ಬಾಗುವ ಹದಕ್ಕೆ ಬಂದಾಗ, ಕಾಗದದ ಆಕಾರದಂತೆ ಕತ್ತರಿಸಿರಿ. ತಲೆಯಷ್ಟೇ ಗಾತ್ರದ ಪಾತ್ರೆಯೊಂದನ್ನು ಬೋರಲು ಹಾಕಿ, ಅದಕ್ಕೆ ಪ್ಲಾಸ್ಟಿಕ್ ಹಾಳೆಯನ್ನು ಸುತ್ತಿ, ಅದರ ಮೇಲೆ ಕಿರೀಟವನ್ನು ಬಳಸಿ, ಅಂಚುಗಳನ್ನು ಅಂಟಿಸಿ, ಅಗಲವಾದ ಲಾಡಿಯಿಂದ ಕಟ್ಟಿಡಿರಿ. ತೆಳುವಾದ ದಾರದಿಂದ ಕಟ್ಟಿದರೆ ಗೀರು ಬೀಳುವುದು.

ಎರಡನೆಯ ಮತ್ತು ಮೂರನೆಯ ದಿನ. ಮೊದಲು ನೆರಳಿನಲ್ಲಿ, ಆಮೇಲೆ ಬಿಸಿಲಿನಲ್ಲಿ ಒಣಗಿಸಿರಿ. ಒಮ್ಮೆಗೇ ಬಿಸಿಲಿಗಿಟ್ಟರೆ ಹೊರಮೈ ಮುದುಡುವುದು. ಹೊರಮೈ ಗಟ್ಟಿಯಾದೊಡನೆ ಪಾತ್ರೆಯಿಂದ ತೆಗೆದು ಒಳಮೈಗೂ ಗಾಳಿಯಾಡಿಸಿರಿ. ಮಳೆಗಾಲವಾದರೆ ಬೀಸಣಿಗೆಯ ಕೆಳಗೆ ಇನ್ನೂ ಒಂದು ದಿನವಿರಲಿ. ಒಣಗಿತೇ ಇಲ್ಲವೇ ಎಂಬುದನ್ನು ಬೆರಳಿನಿಂದ ತಿಳಿಯಲಾಗದು. ನಾನು ಮೋಸಹೋದುದೇ ಅಲ್ಲಿ. ಒಳಮೈಯನ್ನು ಕೆನ್ನೆಗೆ ಒತ್ತಿಕೊಂಡು ನೋಡಿರಿ. ತಂಪೆನಿಸಿದರೆ ಒಳಗೆ ತೇವವಿದೆ. ಕೆನ್ನೆಗೆ ತಂಪಾಗದ ಕಿರೀಟವು ಮಾತ್ರ ರಂಗಕ್ಕೆ ಯೋಗ್ಯ.

ನಾಲ್ಕನೆಯ ದಿನ. ಕೂಡುವ ಅಂಚನ್ನು ದಪ್ಪ ಸೂಜಿಯಿಂದ ಎರಡು ಸಾಲು ಹೊಲಿಯಿರಿ, ಅಂಟೊಂದನ್ನೇ ನಂಬಬೇಡಿರಿ. ಒಳಗೂ ಹೊರಗೂ ನೀರಿನಲ್ಲಿ ಬೆರೆಯುವ ಬಣ್ಣವನ್ನೋ ಮೂರರಷ್ಟು ನೀರು ಬೆರೆಸಿದ ಬಿಳಿಯ ಅಂಟನ್ನೋ ಒಂದು ಸಾರಿ ಬಳಿದರೆ ಬೆವರಿನ ತೇವವು ಗಂಜಿಗೆ ಬೇಗ ಮುಟ್ಟದು. ಅದು ಒಣಗಿದ ಮೇಲೆ ಜರಿಯನ್ನು ಹೊದಿಸಿ, ಹಣೆಗೆ ತಗಲುವ ಅಂಚಿಗೆ ಹಳೆಯ ಮೆತ್ತನೆಯ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಹೊಲಿಯಿರಿ. ಕಟ್ಟುವ ಲಾಡಿಯು ಗಲ್ಲದ ಕೆಳಗೆ ಬೇಡ, ತಲೆಯ ಹಿಂದೆ ಇರಲಿ; ಎಳೆದೊಡನೆ ಬಿಚ್ಚುವ ಗಂಟು ಹಾಕಿರಿ.

ಐದನೆಯ ದಿನ ಮಗುವಿನ ತಲೆಗಿಟ್ಟು ಕಾಲು ಗಂಟೆ ಆಡಲು ಬಿಡಿರಿ. ಕುಣಿಯಲಿ, ಬಾಗಲಿ, ನಮಸ್ಕಾರ ಮಾಡಲಿ. ಎಲ್ಲಿ ಒತ್ತುತ್ತದೆ, ಎಲ್ಲಿ ಜಾರುತ್ತದೆ ಎಂಬುದನ್ನು ಮಗುವೇ ಹೇಳುವುದು. ಹೀಗೆ ಐದು ದಿನಗಳ ಮುಂಚೆ ಕೆಲಸವನ್ನು ಆರಂಭಿಸದವರು ಕಿರೀಟವನ್ನು ಅಂಗಡಿಯಿಂದಲೇ ತರುವುದು ಲೇಸು.

ಬೆಂಕಿಯ ವಿಷಯ

ಇದನ್ನು ಓದದೆ ಪುಟ ಮಗುಚಬೇಡಿರೆಂದು ಬೇಡಿಕೊಳ್ಳುತ್ತೇನೆ. ಪ್ಯಾರಿಸ್ ನಗರದ ರಂಗಮಂದಿರದಲ್ಲಿ ಎಮ್ಮಾ ಲಿವ್ರಿ ಎಂಬ ಹೆಸರುವಾಸಿಯಾದ ನರ್ತಕಿಯಿದ್ದಳು. ನರ್ತಕಿಯರು ಧರಿಸುತ್ತಿದ್ದ ತೆಳುಬಟ್ಟೆಯ ಪದರ ಪದರದ ಲಂಗಗಳಿಗೆ ದೀಪದಿಂದ ಬೆಂಕಿ ತಗಲುತ್ತಿದ್ದುದರಿಂದ, ಬಟ್ಟೆಯನ್ನು ಬೆಂಕಿ ಹಿಡಿಯದ ದ್ರಾವಣದಲ್ಲಿ ಅದ್ದಬೇಕೆಂದು 1859ರಲ್ಲಿ ಅಲ್ಲಿ ಸರಕಾರದ ಆಜ್ಞೆಯಾಯಿತು. ಆದರೆ ಆ ದ್ರಾವಣವು ಬಟ್ಟೆಯ ಅಂದವನ್ನು ಕೆಡಿಸಿ ಬೇಡದ ಬಿರುಸನ್ನು ತರುವುದೆಂದು ಆಕೆಯು ಅದನ್ನು ಒಲ್ಲದೆ ಹೋದಳು. 1862ರ ನವೆಂಬರಿನಲ್ಲಿ ಅಭ್ಯಾಸದ ವೇಳೆ ಆಕೆಯ ಲಂಗವು ರಂಗದ ಗ್ಯಾಸ್ ದೀಪಕ್ಕೆ ತಗಲಿ ಹೊತ್ತಿಕೊಂಡಿತು. ಎಂಟು ತಿಂಗಳು ನರಳಿ, 1863ರ ಜುಲೈ ತಿಂಗಳಿನಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು.

ಬಿರುಸುಮಾಡಿದ ಬಟ್ಟೆಯು ಮೈಗೆ ಅಂಟಿಕೊಳ್ಳದೆ ದೂರ ಚಾಚಿ ನಿಲ್ಲುವುದರಿಂದ ಅದರ ಸುತ್ತಲೂ ಗಾಳಿಯಿರುತ್ತದೆ. ಉರಿಗೆ ಬೇಕಾದುದೂ ಅದೇ. ಅಲ್ಲದೆ ತೊಟ್ಟವರಿಗೆ ಅದರ ಅಂಚು ಎಲ್ಲಿಗೆ ಮುಟ್ಟುತ್ತಿದೆಯೆಂಬುದು ತಿಳಿಯುವುದಿಲ್ಲ. ಗಂಜಿಯು ಬಟ್ಟೆಯನ್ನು ಬೆಂಕಿಯಿಂದ ಕಾಪಾಡದು. ನೈಲಾನ್ ಜಾಲರಿಯು ಕರಗಿ ಚರ್ಮಕ್ಕೆ ಹತ್ತಿಕೊಳ್ಳುವುದರಿಂದ ಮತ್ತಷ್ಟು ಅಪಾಯ. ಆದಕಾರಣ ವೇಷ ತೊಟ್ಟ ಮಗುವನ್ನು ದೇವರ ಮುಂದಿನ ನಂದಾದೀಪದ ಬಳಿಯಲ್ಲಿ ಕೂಡಿಸಿ ಚಿತ್ರ ತೆಗೆಯಬೇಡಿರಿ. ವೇಷ ಕಳಚಿದ ಮೇಲೆ ಆರತಿಯಾಗಲಿ. ಜಾಲರಿಯ ಕೆಳಗೆ ಮೈತುಂಬ ಹತ್ತಿಯ ಒಳ ಉಡುಪು ಇರಲಿ. ಅಕಸ್ಮಾತ್ ಹೊತ್ತಿಕೊಂಡರೆ ಮಗುವು ಓಡದಂತೆ ತಡೆದು, ನೆಲದ ಮೇಲೆ ಮಲಗಿಸಿ ಉರುಳಿಸಿ, ದಪ್ಪ ಕಂಬಳಿಯನ್ನು ಹೊದಿಸಿ ಆರಿಸಬೇಕು. ಸುಟ್ಟ ಜಾಗದ ಮೇಲೆ ಹರಿಯುವ ತಣ್ಣೀರನ್ನು 20 ನಿಮಿಷ ಬಿಡಬೇಕು. ಶಾಯಿ, ಹಲ್ಲುಜ್ಜುವ ಪೇಸ್ಟು, ಬೆಣ್ಣೆ ಯಾವುದನ್ನೂ ಹಚ್ಚದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಕಾಪಾಡುವ ಬಗೆ

ಗಂಜಿಯ ವಸ್ತುಗಳಿಗೆ ಶತ್ರುಗಳು ಮೂವರು: ತೇವ, ಜಿರಳೆ, ಇಲಿ. ವೇಷ ಕಳಚಿದೊಡನೆಯೇ ಪೆಟ್ಟಿಗೆಗೆ ಹಾಕದೆ, ಒಂದು ದಿನ ಗಾಳಿಗಿಟ್ಟು ಬೆವರನ್ನು ಆರಿಸಿರಿ. ಕಿರೀಟದೊಳಗೆ ಕಾಗದದ ಉಂಡೆಗಳನ್ನು ತುಂಬಿ, ಒಣಗಿದ ಬೇವಿನೆಲೆಯೊಡನೆ ಮುಚ್ಚಳ ಬಿಗಿಯಾದ ತಗಡಿನ ಡಬ್ಬದಲ್ಲಿಡಿರಿ. ಬಟ್ಟೆಗಳ ಗಂಜಿಯನ್ನು ಮಾತ್ರ ಒಗೆದು ತೆಗೆದೇ ಮಡಿಸಿಡತಕ್ಕದ್ದು. ಗಂಜಿಯೊಡನೆ ವರ್ಷವಿಡೀ ಮಡಿಸಿಟ್ಟ ರೇಷ್ಮೆಯು ಮಡಿಕೆಯಲ್ಲಿಯೇ ಸೀಳುವುದು.

ನನ್ನ ಮಗನ ಕಥೆಯನ್ನು ಅರ್ಧಕ್ಕೆ ಬಿಟ್ಟೆನಲ್ಲವೆ? ಮೂರನೆಯ ವರ್ಷ ಅವನಿಗೆ ಉಪಾಧ್ಯಾಯರು ತಾವಾಗಿಯೇ ವಿಭೀಷಣನ ಪಾತ್ರವನ್ನು ಕೊಟ್ಟರು. ಅವನು ಮನೆಗೆ ಬಂದು, "ಅಮ್ಮ, ವಿಭೀಷಣನಿಗೆ ಕಿರೀಟ ಇರಲೇಬೇಕೇ?" ಎಂದು ಕೇಳಿದನು. ನನಗೆ ಉತ್ತರ ಹೊರಡಲಿಲ್ಲ. ಅತ್ತೆಯವರು, "ಲಂಕೆಯ ಪಟ್ಟ ಕಟ್ಟಿಸಿಕೊಳ್ಳುವವನಿಗೆ ಕಿರೀಟವಿಲ್ಲದೆ ಹೋದರೆ ಹೇಗಪ್ಪ? ಈ ಸಲ ನಾನು ನೋಡಿಕೊಳ್ಳುತ್ತೇನೆ" ಎಂದು ಹುಣಸೆಬೀಜದ ಡಬ್ಬಿಯನ್ನು ತೆಗೆದರು. ನಾಟಕಕ್ಕೆ ಇನ್ನೂ ಒಂಬತ್ತು ದಿನಗಳಿದ್ದುವು. ಅವರು ರುಬ್ಬಿದರು, ನಾನು ತಿರುವಿದೆನು, ಹುಡುಗನು ಅಂಟು ಬಳಿದನು. ಒಣಗಿತೇ ಎಂದು ದಿನಕ್ಕೆ ನಾಲ್ಕು ಬಾರಿ ಕೆನ್ನೆಗೆ ಒತ್ತಿಕೊಂಡು ನೋಡಿದವನೂ ಅವನೇ. ನಾಟಕದ ದಿನ ಅವನು ಕಿರೀಟಕ್ಕೆ ಕೈ ಹಚ್ಚಲಿಲ್ಲ. ಅದರ ನೆನಪೇ ಇಲ್ಲದವನಂತೆ ಆಡಿದನು. ವೇಷದ ಕೆಲಸವು ಚೆನ್ನಾಗಿ ಆಗಿದೆಯೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಅತ್ತೆಯವರು ಈಗಿಲ್ಲ. ಆ ಕಿರೀಟವು ನಮ್ಮ ಅಟ್ಟದ ಡಬ್ಬದಲ್ಲಿದೆ. ನೆರೆಮನೆಯ ಮಕ್ಕಳ ತಲೆಗಳನ್ನೂ ಅದು ಕಂಡಿದೆ. ಕಾಗದ ಬರೆದ ಸೋದರಿಯು ಇಂದೇ ಬಟ್ಟೆಯನ್ನು ಒಗೆದು ಒಣಗಹಾಕಲಿ. ಅಷ್ಟಮಿಗೆ ಇನ್ನೂ ಹೊತ್ತಿದೆ.

ಮುಂದಿನ ತಿಂಗಳು ಇದೇ ಕಿರೀಟಕ್ಕೆ ಬೇಗಡೆ, ಮಣಿ, ಕನ್ನಡಿಗಳನ್ನು ಭಾರವಾಗದಂತೆ ಹಚ್ಚುವ ಬಗೆಯನ್ನು ಬರೆಯುವೆನು.